ಹನ್ನೊಂದನೆಯ ಚೊಂಬು

ಮಗಳೇ,

ನಾಗಲಮಡಿಕೆ ಜಾತ್ರೆಗೆಂದು ನೀನು ತಿರುಮಣಿಗೆ ಬಂದಿದ್ದೆಯಲ್ಲ, ಆ ಸಂಜೆ ನಾನು ಹಿತ್ತಲ ಬಾಗಿಲಲ್ಲಿ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದೆ. ನಿನ್ನ ಮಗ ಬಚ್ಚಲ ಕಲ್ಲಿನ ಮೇಲೆ ನಿಂತು ಕೈ ತೊಳೆಯುತ್ತಿದ್ದ. ಅವನು ಎಷ್ಟು ಸಲ ತೊಳೆದ ಅಂತ ನಾನು ಎಣಿಸಲಿಲ್ಲ. ನೀನು ಎಷ್ಟು ಸಲ ಚೊಂಬು ತುಂಬಿಸಿ ಕೊಟ್ಟೆ ಅಂತ ಎಣಿಸಿದೆ. ಹನ್ನೊಂದು ಸಲ. ಒಂದೊಂದು ಸಲವೂ ಅವನದು ಒಂದೇ ಪ್ರಶ್ನೆ: “ಅಮ್ಮಾ, ನಂಗೇನೂ ಆಗಲ್ಲ ಅಲ್ವಾ?” ನಿನ್ನದೂ ಒಂದೇ ಉತ್ತರ: “ಏನೂ ಆಗಲ್ಲ ಕಂದಾ.” ಹನ್ನೊಂದನೆಯ ಸಲ ಆ ಮಾತು ಹೇಳುವಾಗ ನಿನ್ನ ಕಣ್ಣಲ್ಲಿ ನೀರಿತ್ತು.

ನೆಂಟರು ತುಂಬಿದ್ದ ಮನೆಯಲ್ಲಿ ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ. ಗದರಿಕೆ ಅಂದುಕೊಳ್ಳಬೇಡ. ಆ ಚೊಂಬನ್ನು ನಿನ್ನ ದೊಡ್ಡಮ್ಮನಾದ ನಾನೂ ಹಿಡಿದವಳು.

ನನ್ನ ಮಗಳಿಗೆ ಹದಿಮೂರು ತುಂಬಿದ ವರ್ಷ ಅದು. ನೀನಾಗ ಚಿಕ್ಕವಳು, ನೆನಪಿರಲಾರದು. ಕೈಪಂಪಿನ ಮುಂದೆ ಬಿಂದಿಗೆಗಳ ಸಾಲು. ನಮ್ಮ ಸೀಮೆಯಲ್ಲಿ ನೀರು ಸಿಗುವುದೇ ಕಷ್ಟ, ಸಿಕ್ಕಿದ್ದರಲ್ಲೂ ಫ್ಲೋರೈಡು. ಅಂಥ ಊರಲ್ಲಿ ನನ್ನ ಮಗಳು ಮುಟ್ಟಿದ ಬಾಗಿಲಿಗೂ, ತುಳಿದ ಹೊಸ್ತಿಲಿಗೂ ನೀರು ಸುರಿಯುತ್ತಿದ್ದಳು. ಅಂಗೈ ಒಡೆದು ರಕ್ತ ಬರುತ್ತಿತ್ತು. ಅಕ್ಕಪಕ್ಕದವರು “ಹುಡುಗಿ ಬಲು ಮಡಿ” ಅಂದರು. ನನಗೂ ಹಾಗಂದುಕೊಳ್ಳುವುದೇ ಹಗುರವಾಗಿತ್ತು. ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಉಟ್ಟ ಸೀರೆ ಬದಲಿಸಿಯೇ ಅವಳನ್ನು ಮುಟ್ಟುತ್ತಿದ್ದೆ, ಅವಳಿಗೊಂದು ಬೇರೆ ಬಕೆಟ್ಟು, ಬೇರೆ ತಟ್ಟೆ ಇಟ್ಟಿದ್ದೆ. ತಾಯಿಯಾಗಿ ಕರ್ತವ್ಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಹೀಗೇ ಮೂರು ವರ್ಷ ಕಳೆಯಿತು.

ಬೆಂಗಳೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಮನಃಶಾಸ್ತ್ರಜ್ಞೆ ಮಗಳನ್ನು ಮಾತಾಡಿಸಿದ ಮೇಲೆ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡರು. “ಅಮ್ಮಾ, ಇದು ಮಡಿ ಅಲ್ಲ, ಗೀಳಿನ ಕಾಯಿಲೆ. ಮಡಿಗೆ ಒಂದು ಮುಗಿತಾಯ ಇರುತ್ತೆ. ಸ್ನಾನ ಆಯಿತು, ಪೂಜೆ ಆಯಿತು, ಮಾಡಿದವರಿಗೆ ನೆಮ್ಮದಿ. ಗೀಳಿಗೆ ಮುಗಿತಾಯ ಇಲ್ಲ. ತೊಳೆದಷ್ಟೂ ಸಾಲದು ಅನ್ನಿಸುತ್ತೆ” ಅಂದರು. ಆಮೇಲೆ ಕೇಳಿದ್ದು ಒಂದೇ ಮಾತು: “ಮನೆಯಲ್ಲಿ ಈ ಕಾಯಿಲೆಗೆ ಯಾರು ಯಾರು ಕೆಲಸ ಮಾಡಿಕೊಡುತ್ತಿದ್ದೀರಿ?” ನನಗೆ ಉತ್ತರ ಹೊರಡಲಿಲ್ಲ. ಮನೆಮಂದಿಯೆಲ್ಲ ಮಾಡಿಕೊಡುತ್ತಿದ್ದೆವು. ಮಗಳ ಸೇವೆ ಅಂದುಕೊಂಡು ಅವಳ ಭಯದ ಸೇವೆ ಮಾಡುತ್ತಿದ್ದೆವು.

ನಿನಗೆ ಹೇಳಬೇಕಾದದ್ದು ಇಷ್ಟೇ ಮಗಳೇ. ಉಳಿದದ್ದೆಲ್ಲ ಇದರ ವಿವರ.

ಭಯ ನಡೆಯುವ ದಾರಿ ನೋಡು. ಚಿಲಕ ಮುಟ್ಟಿದ ಕೂಡಲೇ ಅವನ ಎದೆ ಡವಗುಟ್ಟುತ್ತೆ, ಏನೋ ಅಂಟಿಕೊಂಡಿತು, ಜ್ವರ ಬರುತ್ತೆ, ಅಮ್ಮನಿಗೂ ಬರುತ್ತೆ ಅಂತ. ಕೈ ತೊಳೆಯುತ್ತಾನೆ, ಎದೆ ಹಗುರವಾಗುತ್ತೆ. ನೀನು “ಏನೂ ಆಗಲ್ಲ” ಅನ್ನುತ್ತೀಯ, ಇನ್ನಷ್ಟು ಹಗುರ. ಆ ಹಗುರವೇ ಕೊಕ್ಕೆ. ಅವನ ಮಿದುಳು ಕಲಿಯುವ ಪಾಠ “ತೊಳೆದಿದ್ದಕ್ಕೆ ಬದುಕಿದೆ” ಅಂತ. ತೊಳೆಯದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯಲು ಅದಕ್ಕೆ ಒಂದು ಸಲವೂ ಅವಕಾಶ ಸಿಕ್ಕಿಲ್ಲ. ತೊಳೆಯದೆ ಕೂತರೆ ಭಯ ಏರುತ್ತೆ, ತುದಿ ಮುಟ್ಟುತ್ತೆ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದ ಮೇಲೆ ತಾನಾಗಿ ಇಳಿಯುತ್ತೆ. ಒಂದೊಂದು ದಿನ ಪೂರ್ತಿ ಇಳಿಯದಿದ್ದರೂ, ಭಯ ಇಟ್ಟುಕೊಂಡೇ ಊಟ ಮಾಡಬಹುದು, ಆಟ ಆಡಬಹುದು ಅನ್ನುವುದು ಅವನಿಗೆ ತಿಳಿಯುತ್ತೆ. ವರ್ತನಾ ಚಿಕಿತ್ಸೆಯ ತಿರುಳು ಇದೇ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲ ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಪುಟ್ಟ ಮಗುವಿನ ವಿಷಯ ಬರೆದರು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಪಂಜರದಲ್ಲಿ ದೂರಕ್ಕಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಆ ಮಗು ಮೊಲದ ಮೈ ಸವರಿತು. ಗೀಳಿನ ಕಾಯಿಲೆಗೆ ಇದೇ ದಾರಿ ತೋರಿಸಿದವರು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್, 1966ರಲ್ಲಿ. ತೊಳೆಯುವ ಗೀಳಿದ್ದ ಒಬ್ಬಾಕೆಗೆ, ಹೆದರುವ ವಸ್ತುಗಳನ್ನು ಮುಟ್ಟಿಸಿ, ಕೋಣೆಯ ನಲ್ಲಿ ಬಂದ್ ಮಾಡಿಸಿ, ನರ್ಸುಗಳನ್ನು ಜೊತೆಗಿಟ್ಟರು. ಆವರೆಗೆ ಯಾವ ಚಿಕಿತ್ಸೆಗೂ ಬಗ್ಗದ ಕಾಯಿಲೆ ಬಗ್ಗಿತು. ಇಂದು ಇದನ್ನು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಇಆರ್‌ಪಿ. ನಮ್ಮ ಮಾತಲ್ಲಿ ಹೇಳುವುದಾದರೆ, ಭಯಕ್ಕೆ ಎದುರು ನಿಲ್ಲು, ತೊಳೆಯುವ ಕೈಯನ್ನು ತಡೆ.

ನಲ್ಲಿ ಬಂದ್ ಅಂತ ಓದಿ ನಾಳೆ ಬೆಳಗ್ಗೆಯೇ ಬಚ್ಚಲಿಗೆ ಬೀಗ ಹಾಕಬೇಡ. ಈಗ ಹಾಗೆ ಮಾಡುವುದಿಲ್ಲ, ಮಕ್ಕಳ ವಿಷಯದಲ್ಲಂತೂ ಇಲ್ಲವೇ ಇಲ್ಲ. ಪಾವಗಡದ ಬೆಟ್ಟ ಹತ್ತಿದ್ದೀಯಲ್ಲ, ಕೋಟೆಯ ತುದಿಗೆ ಯಾರೂ ಹಾರಿ ಹೋಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಿದ್ದು. ಇದೂ ಹಾಗೇ. ಮಗನನ್ನು ಕೂರಿಸಿಕೊಂಡು ಅವನ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆಸು. ಯಾವುದು ಮುಟ್ಟಿದರೆ ಎಷ್ಟು ಭಯ, ಹತ್ತಕ್ಕೆ ಎಷ್ಟು ಅಂಕ? ಸ್ಕೂಲ್ ಬ್ಯಾಗಿಗೆ ಮೂರು, ಬಾಗಿಲ ಚಿಲಕಕ್ಕೆ ನಾಲ್ಕು, ಚಪ್ಪಲಿಗೆ ಆರು, ಬಸ್ಸಿನ ಕಂಬಿಗೆ ಏಳು, ಶಾಲೆಯ ಪಾಯಖಾನೆ ಬಾಗಿಲಿಗೆ ಹತ್ತು. ಕೆಳಗಿನ ಮೆಟ್ಟಿಲಿಂದ ಶುರು ಮಾಡಿ. ಮೊದಲು ನೀನೇ ಮುಟ್ಟಿ ತೋರಿಸು. ಅವನು ಬ್ಯಾಗು ಮುಟ್ಟಲಿ, ಐದು ನಿಮಿಷ ಕಾಯಲಿ, ನಾಳೆ ಹತ್ತು ನಿಮಿಷ. ಆ ಮೆಟ್ಟಿಲು ಬೇಜಾರು ಅನ್ನಿಸುವಷ್ಟು ಸಲೀಸಾದ ಮೇಲೆ ಮುಂದಿನದು. ಯಾವ ಮೆಟ್ಟಿಲು ಅಂತ ಅವನು ಹೇಳಲಿ, ಹತ್ತುವ ದಿನ ಯಾವುದು ಅಂತ ನೀವಿಬ್ಬರೂ ನಿರ್ಧರಿಸಿ. ಒತ್ತಾಯದಿಂದ ಕೈ ಹಿಡಿದು ಮುಟ್ಟಿಸಿದರೆ ಅವನಿಗೆ ಭಯವೂ ಹೆಚ್ಚುತ್ತೆ, ನಿನ್ನ ಮೇಲಿನ ನಂಬಿಕೆಯೂ ಹೋಗುತ್ತೆ. ಇದನ್ನೆಲ್ಲ ತರಬೇತಿ ಪಡೆದವರ ಕಣ್ಣ ಮುಂದೆ ಶುರು ಮಾಡುವುದು ಒಳ್ಳೆಯದು.

“ನಂಗೇನೂ ಆಗಲ್ಲ ಅಲ್ವಾ?” ಅನ್ನುವ ಪ್ರಶ್ನೆಗೂ ಇದೇ ಮದ್ದು. ಒಂದು ಸಲ ಉತ್ತರ ಹೇಳು. ಎರಡನೆಯ ಸಲ ಕೇಳಿದರೆ ಗದರಬೇಡ, ಮುಖ ತಿರುಗಿಸಬೇಡ. “ಇದು ನೀನು ಕೇಳ್ತಿರೋದಲ್ಲ, ಗೀಳು ಕೇಳ್ತಿರೋದು. ಅದಕ್ಕೆ ನಾನು ಉತ್ತರ ಹೇಳಲ್ಲ. ನಿನ್ನ ಪಕ್ಕದಲ್ಲೇ ಇರ್ತೀನಿ” ಅನ್ನು. ಮುಂಚೆಯೇ ಅವನಿಗೆ ತಿಳಿಸಿರು, ಸೋಮವಾರದಿಂದ ಹೀಗೆ ಅಂತ. ಮೊದಲ ಒಂದೆರಡು ವಾರ ಅವನ ಅಳು, ಸಿಟ್ಟು ಜಾಸ್ತಿಯಾಗಬಹುದು. ಅದನ್ನು ನೋಡಿ ಕರಗಿ ನೀನು ಚೊಂಬು ತುಂಬಿಸಿದರೆ, ಜೋರಾಗಿ ಅತ್ತರೆ ನೀರು ಸಿಗುತ್ತೆ ಅನ್ನುವ ಹೊಸ ಪಾಠ ಕಲಿಯುತ್ತಾನೆ. ನಿನಗೇ ಧೈರ್ಯ ಸಾಲದು ಅನ್ನಿಸಿದಾಗ ಇದನ್ನು ನೆನೆಸಿಕೋ: ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಜೊತೆಯವರು ಆತಂಕದ ಕಾಯಿಲೆ ಇದ್ದ ಮಕ್ಕಳ ಮೇಲೆ ಅಧ್ಯಯನ ಮಾಡಿ, 2020ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಮಕ್ಕಳಿಗೆ ನೇರ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ಮಕ್ಕಳನ್ನು ಮುಟ್ಟಲೇ ಇಲ್ಲ, ಹೆತ್ತವರಿಗೆ ಮಾತ್ರ ಹೇಳಿಕೊಟ್ಟರು, ಭಯದ ಊಳಿಗ ಬಿಟ್ಟು ಮಗುವಿಗೆ ಆಸರೆಯಾಗುವುದು ಹೇಗೆ ಅಂತ. ಎರಡೂ ಗುಂಪಿನ ಮಕ್ಕಳು ಸರಿಸಮವಾಗಿ ಸುಧಾರಿಸಿದರು. ತಾಯಿತಂದೆಯ ಕೈಯಲ್ಲಿ ಅಷ್ಟು ಬಲ ಇದೆ.

ತುಸು ಕೊಳೆ ಇದ್ದರೂ ಕೆಲಸ ನಡೆಯುತ್ತೆ ಅಂತ ಮಗನಿಗೆ ಹೇಳಲು ನಮ್ಮೂರಲ್ಲೇ ಒಂದು ಉದಾಹರಣೆ ಇದೆ. ಊರಿನ ಹೊಲಗಳ ಮೇಲೆ ಈಗ ನಿಂತಿರುವ ಸೋಲಾರ್ ಫಲಕ ತೋರಿಸು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಐದೂ ಊರು ಸೇರಿ 13,000 ಎಕರೆ, 2,050 ಮೆಗಾವ್ಯಾಟ್. ನಮ್ಮ ಸೀಮೆಯ ಧೂಳು ಆ ಫಲಕಗಳ ಮೇಲೆ ದಿನವೂ ಕೂರುತ್ತೆ. ಸರದಿ ಬಂದಾಗ ತೊಳೆಯುತ್ತಾರೆ, ಮಾರನೆಯ ದಿನ ಮತ್ತೆ ಧೂಳು. ಆ ಧೂಳು ಹೊತ್ತುಕೊಂಡೇ ಅವು ಕರೆಂಟು ಕೊಡುತ್ತವೆ. ಊಟಕ್ಕೆ ಮುಂಚೆ, ಪಾಯಖಾನೆಗೆ ಹೋಗಿ ಬಂದ ಮೇಲೆ ಸೋಪು ಹಾಕಿ ಒಂದು ಸಲ ತೊಳೆದರೆ ಕೈ ತನ್ನ ಕೆಲಸ ಮಾಡುತ್ತೆ. ಒಂದು ಕಣವೂ ಇಲ್ಲದ ಕೈ ಯಾರಿಗೂ ಬೇಕಾಗಿಲ್ಲ.

ಇನ್ನೊಂದು ವಿಷಯ. ನಿನ್ನ ಮೈದುನನ ಮಗ ಕಣ್ಣು ಪಟಪಟ ಬಡಿಯುತ್ತಾನೆ, ಗಂಟಲಲ್ಲಿ ಸದ್ದು ಮಾಡುತ್ತಾನೆ, ಅವನಿಗೂ ಗೀಳೇನೋ ಅಂತ ನೀನು ಕೇಳಿದ್ದೆ. ಅದನ್ನು ಟಿಕ್ ಅನ್ನುತ್ತಾರೆ. ಗೀಳು ಮನಸ್ಸಿನ ಹೆದರಿಕೆಯಿಂದ ಬರುವುದು. ಟಿಕ್ ಬರುವುದು ಮೈಯ ಒತ್ತಡದಿಂದ, ಸೀನು ಬರುವ ಮುಂಚೆ ಮೂಗಿನಲ್ಲಿ ಗುಳುಗುಳು ಆಗುತ್ತಲ್ಲ ಹಾಗೆ. ಕೆಲವು ಮಕ್ಕಳಿಗೆ ಎರಡೂ ಇರಬಹುದು. ಫ್ರಾನ್ಸಿನ ಜಿಲ್ ದ ಲಾ ತುರೆತ್ 1885ರಲ್ಲೇ ಇದನ್ನು ಕಾಯಿಲೆ ಅಂತ ಗುರುತಿಸಿ ಬರೆದಿದ್ದರು. ನೂರು ವರ್ಷ ಕಳೆದರೂ ನನ್ನಂಥ ಮೇಷ್ಟ್ರುಗಳಿಗೆ ಅದು ಮುಟ್ಟಿರಲಿಲ್ಲ. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಭುಜ ಹಾರಿಸುತ್ತಾ ಗಂಟಲು ಕ್ಯಾಕರಿಸುತ್ತಿದ್ದ ಒಬ್ಬ ಹುಡುಗನನ್ನು, ಬೇಕೆಂದೇ ಮಾಡುತ್ತಾನೆ ಅಂತ, ಎಷ್ಟೋ ದಿನ ತರಗತಿಯ ಹೊರಗೆ ನಿಲ್ಲಿಸಿದೆ. ಹೊರಗೆ ನಿಂತಷ್ಟೂ ಅವನ ಭುಜ ಇನ್ನಷ್ಟು ಹಾರುತ್ತಿತ್ತು. ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ. ಆ ಮಗುವಿನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಅದಕ್ಕೇ ಹೇಳುತ್ತೇನೆ, ಟಿಕ್ ಇರುವ ಮಗುವನ್ನು ಗದರಬೇಡಿ, “ನಿಲ್ಲಿಸು” ಅನ್ನಬೇಡಿ, ಎಣಿಸುತ್ತಾ ಕೂರಬೇಡಿ. ಮನೆಯವರು ಗಮನಿಸಿದಷ್ಟೂ ಅದು ಹೆಚ್ಚುತ್ತೆ.

ಅದಕ್ಕೂ ವರ್ತನಾ ಚಿಕಿತ್ಸೆ ಇದೆ. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬಿಬ್ಬರು ತೋರಿಸಿಕೊಟ್ಟ ದಾರಿ. ಒತ್ತಡ ಬರುತ್ತಿದೆ ಅನ್ನುವುದನ್ನು ಮಗು ಮೊದಲು ಗುರುತಿಸಲು ಕಲಿಯುತ್ತೆ. ಬಂದ ಕೂಡಲೇ ಆ ಟಿಕ್ ಜೊತೆಯಲ್ಲಿ ನಡೆಯಲಾಗದಂಥ ಇನ್ನೊಂದು ಸಣ್ಣ ಕೆಲಸ ಮಾಡುತ್ತೆ. ಕತ್ತು ಎಳೆಯುವವನು ಗಲ್ಲ ತುಸು ಬಗ್ಗಿಸಿ ಕತ್ತು ಬಿಗಿ ಹಿಡಿಯುತ್ತಾನೆ, ಗಂಟಲು ಸದ್ದು ಮಾಡುವವನು ಮೂಗಿನಿಂದ ನಿಧಾನಕ್ಕೆ ಉಸಿರೆಳೆದು ಬಿಡುತ್ತಾನೆ, ಒಂದು ನಿಮಿಷ ಅಥವಾ ಒತ್ತಡ ಹೋಗುವವರೆಗೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹತ್ತು ವಾರದಲ್ಲಿ ಎಂಟು ಸಲ ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಚೆನ್ನಾಗಿ ಸುಧಾರಿಸಿದರು. ಬರೀ ತಿಳಿವಳಿಕೆ, ಸಮಾಧಾನದ ಮಾತು ಪಡೆದವರಲ್ಲಿ ಐದರಲ್ಲಿ ಒಬ್ಬರೂ ಇಲ್ಲ. ದೊಡ್ಡವರಾಗುತ್ತಾ ಅನೇಕರಲ್ಲಿ ಟಿಕ್ ತಾನಾಗಿಯೇ ಇಳಿಯುತ್ತೆ ಅನ್ನುವುದನ್ನೂ ಮೈದುನನ ಮನೆಯವರಿಗೆ ಹೇಳು. ಮಗುವಿಗೆ ತೊಂದರೆ ಕೊಡದ ಟಿಕ್ ಅನ್ನು ಅದರ ಪಾಡಿಗೆ ಬಿಟ್ಟರೂ ನಡೆಯುತ್ತೆ.

ಗೀಳು, ಟಿಕ್ ಎರಡೂ ಅಲ್ಲದ ಇನ್ನೊಂದಿದೆ. ನಮ್ಮ ಬೀದಿಯಲ್ಲಿ ಆಟಿಸಂ ಇರುವ ಒಂದು ಮಗು ಇದೆ, ನೋಡಿದ್ದೀಯ. ಅದರ ತಾಯಿಗೆ ಊರವರು ಹೇಳದ ಮಾತಿಲ್ಲ: ಮೊಬೈಲ್ ಕೊಟ್ಟು ಕೆಡಿಸಿದಳು, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಅಂತ. ಆಟಿಸಂ ತಾಯಿಯ ತಪ್ಪಿನಿಂದ ಬರುವುದಲ್ಲ, ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆ ಬೇರೆ ರೀತಿ. ಅಲ್ಲಿ ಚಿಕಿತ್ಸೆಯ ಗುರಿಯೂ ಬೇರೆ. ನಿನ್ನ ಮಗನಿಂದ ಗೀಳನ್ನು ಬೇರ್ಪಡಿಸಬಹುದು. ಆ ಮಗುವಿನಿಂದ ಆಟಿಸಂ ಬೇರ್ಪಡಿಸುವುದಕ್ಕಾಗುವುದಿಲ್ಲ, ಬೇರ್ಪಡಿಸಬೇಕಾಗಿಯೂ ಇಲ್ಲ. ಬೇಕಾದದ್ದನ್ನು ಕೇಳುವುದು, ಬಟ್ಟೆ ಹಾಕಿಕೊಳ್ಳುವುದು, ಗದ್ದಲ ತಡೆದುಕೊಳ್ಳುವುದು, ಇಂಥದ್ದನ್ನು ಚೂರು ಚೂರು ಮಾಡಿ ಕಲಿಸುವುದು, ಒಂದೊಂದು ಚೂರಿಗೂ ಮೆಚ್ಚುಗೆ ಕೊಡುವುದು, ಇದೇ ಅಲ್ಲಿನ ಕೆಲಸ. ಹಿಂದೆ ಅಮೆರಿಕದಲ್ಲಿ ಹೊಡೆತ, ಕರೆಂಟಿನ ಶಾಕ್ ಕೂಡ ಚಿಕಿತ್ಸೆ ಅನ್ನಿಸಿಕೊಂಡಿದ್ದ ಕಾಲವಿತ್ತು. ಆ ನೋವುಂಡು ಬೆಳೆದವರು ಇಂದು ಬಾಯಿ ಬಿಟ್ಟು ಹೇಳುತ್ತಿದ್ದಾರೆ, ಕೇಳಬೇಕು. ಕೈ ಆಡಿಸಿದರೆ ಹೊಡೆಯುವ, ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಡು ಅನ್ನುವ ಜಾಗದಿಂದ ಮಗುವನ್ನು ಎತ್ತಿಕೊಂಡು ಬಂದುಬಿಡಬೇಕು. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಜ್ಞರಲ್ಲದ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅವರ ಮೂಲಕ ಹೆತ್ತವರಿಗೆ ಕಲಿಸಿದರು. ತಾಯಿಯರು ಮಗುವಿನ ಜೊತೆ ಒಡನಾಡುವ ರೀತಿ ಬದಲಾಯಿತು, ಮಗು ತಾನಾಗಿ ಹತ್ತಿರ ಬರುವುದು ಹೆಚ್ಚಿತು. ಅಂಗನವಾಡಿಯ ನಿನ್ನ ಗೆಳತಿಗೂ ಇದನ್ನು ಹೇಳು. ವರ್ಷ ದಾಟಿದ ಮಗು ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, “ಮಾತು ನಿಧಾನ, ಅವರಪ್ಪನೂ ಹಾಗೇ” ಅಂತ ಕಾಯಬಾರದು.

ಎಲ್ಲಿಗೆ ಹೋಗಬೇಕು ಅಂತ ಕೇಳುತ್ತೀಯ. ಮೊದಲು ಫೋನು ತೆಗೆದು 14416ಕ್ಕೆ ಮಾಡು. ಟೆಲಿ ಮನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ ರಾತ್ರಿಯೇ ಆದರೂ ಆ ನಂಬರಿಗೆ ಮಾಡು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಗೊತ್ತುಮಾಡಿದ ಮಂಗಳವಾರಗಳಂದು ಬರುವ ವ್ಯವಸ್ಥೆ ಇದೆ, ಯಾವ ಮಂಗಳವಾರ ಅಂತ ಪಾವಗಡದ ಆಸ್ಪತ್ರೆಯಲ್ಲಿ ಕೇಳಿಕೋ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತುಮಕೂರಿನಲ್ಲಿದೆ. ಆಮೇಲೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಲ್ಲಿನ ಕಲಿಕೆಯ ಸಂಸ್ಥೆಯೂ ಒಂದಾಗಿ ಆದದ್ದು ಅದು, ಗೀಳಿನ ಕಾಯಿಲೆಗೆಂದೇ ಅಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ಮಾತು ಬರದ ಮಕ್ಕಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆ ಮಗುವಿನ ತಾಯಿಗೆ ಗುರುತಿನ ಚೀಟಿ ಮಾಡಿಸಿಕೊಳ್ಳಲು ಹೇಳು.

ಹೋದಲ್ಲಿ ಬಾಯಿ ಬಿಟ್ಟು ಕೇಳು: “ಬರೀ ಮಾತ್ರೆಯೋ, ಇಆರ್‌ಪಿ ಕೂಡ ಮಾಡಿಸ್ತೀರೋ? ಮನೆಯಲ್ಲಿ ನಾನೇನು ಮಾಡಬೇಕು?” ಮಾತ್ರೆ ಬರೆದರೆ ಹೆದರಬೇಡ. ಗೀಳು ಗಟ್ಟಿಯಾಗಿದ್ದರೆ ಎರಡೂ ಬೇಕಾಗುತ್ತೆ. ಗುಣ ಕಾಣಲು ವಾರಗಟ್ಟಲೆ ಹಿಡಿಯುತ್ತೆ, ನಿನ್ನಷ್ಟಕ್ಕೆ ನೀನೇ ನಿಲ್ಲಿಸಬೇಡ. ಇನ್ನೊಂದು ಎಚ್ಚರ. ಸೋಲಾರ್ ಬಂದ ಮೇಲೆ ನಮ್ಮವರ ಕೈಯಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ದುಡ್ಡು ಓಡಾಡುತ್ತಿದೆ. ಅದರ ವಾಸನೆ ಹಿಡಿದು “ಒಂದೇ ವಾರದಲ್ಲಿ ಗುಣ” ಅನ್ನುವವರೂ ಬರುತ್ತಾರೆ. ಅಂಥವರಿಗೆ ಒಂದು ಪೈಸೆಯೂ ಕೊಡಬೇಡ.

ಕುಕ್ಕೆ, ಘಾಟಿ, ನಾಗಲಮಡಿಕೆ ಮೂರೂ ಕಡೆ ಸುಬ್ರಹ್ಮಣ್ಯನ ದರ್ಶನ ಮಾಡಿಸಿದೆ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿದೆ ಅಂದೆಯಲ್ಲ. ಒಳ್ಳೆಯದು ಮಾಡಿದೆ. ದೇವರ ಮುಂದೆ ಅತ್ತು ಹಗುರಾಗುವುದು ನಿನಗೂ ಬೇಕು. ಆದರೆ “ಇಷ್ಟು ಸಲ ಪ್ರದಕ್ಷಿಣೆ ಹಾಕದಿದ್ದರೆ ಅಮ್ಮನಿಗೆ ಕೆಡುಕಾಗುತ್ತೆ” ಅಂತ ಮಗ ಎಣಿಸಲು ಶುರು ಮಾಡಿದರೆ, ಅದು ಭಕ್ತಿಯ ಬಟ್ಟೆ ಉಟ್ಟು ಬಂದ ಗೀಳು ಅಂತ ತಿಳಿ. ಭಕ್ತಿ ಮುಗಿಸಿ ಬಂದವರ ಮುಖದಲ್ಲಿ ಸಮಾಧಾನ ಇರುತ್ತೆ, ಅದನ್ನು ನೋಡು.

ನಿನ್ನ ಅತ್ತೆಗೂ ಗಂಡನಿಗೂ ಇದನ್ನು ಓದಿಸು. ನೀನು ಚೊಂಬು ಕೊಡದೆ ಕೂತಾಗ ಅಜ್ಜಿ ಮೊಮ್ಮಗನ ಮೇಲಿನ ಅಕ್ಕರೆಗೆ ತುಂಬಿಸಿ ಕೊಟ್ಟರೆ ಕಟ್ಟಿದ್ದೆಲ್ಲ ಕುಸಿಯುತ್ತೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ಅವನ ಮೇಷ್ಟ್ರಿಗೂ ಹೇಳು, ಮುಚ್ಚಿಡಬೇಡ. ಮುಚ್ಚಿಟ್ಟದ್ದಕ್ಕೆ ನನ್ನ ಮಗಳ ಮೂರು ವರ್ಷ ಹೋಯಿತು.

ನನ್ನ ಮಗಳಿಗೀಗ ನಲವತ್ತರ ಹತ್ತಿರ. ಗೀಳು ಬೇರು ಸಮೇತ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಪರೀಕ್ಷೆ ಬಂದಾಗ, ಬಾಣಂತನದಲ್ಲಿ ಅದು ತಲೆ ಎತ್ತಿತು. ಆದರೆ ಅವಳಿಗೆ ಅದರ ಗುರುತಿದೆ, ಎದುರು ನಿಲ್ಲುವುದು ಗೊತ್ತಿದೆ. ಹೋದ ತಿಂಗಳು ಬಂದವಳು ಹೊಲದ ಬದುವಿನಲ್ಲಿ ನನ್ನ ಜೊತೆ ಕೂತು, ಮಣ್ಣಾಗಿದ್ದ ಕಡ್ಲೆಕಾಯಿಯನ್ನು ಸೀರೆಯ ಸೆರಗಿಗೆ ಒರೆಸಿ ತಿಂದಳು. ನೋಡುತ್ತಾ ಕೂತ ನನ್ನ ಗಂಟಲು ಕಟ್ಟಿತು. ಒರೆಸಿದ್ದನ್ನು ಅವಳು ಗಮನಿಸಲೂ ಇಲ್ಲ.

ಯುಗಾದಿಗೆ ಮಗನನ್ನು ಕರೆದುಕೊಂಡು ಬಾ. ಅದೇ ಬಾಗಿಲಲ್ಲಿ ಕೂತು ನಾನು ಮತ್ತೆ ಎಣಿಸುತ್ತೇನೆ, ಅವನ ಕೈಯನ್ನಲ್ಲ, ನಿನ್ನ ಚೊಂಬನ್ನು. ಹನ್ನೊಂದು ಹತ್ತಾಗಿದ್ದರೂ ಸಾಕು, ನನಗೆ ಅದೇ ಹಬ್ಬ. ಆ ಹನ್ನೊಂದನೆಯ ಚೊಂಬು ಖಾಲಿಯಾಗಿ ನಿನ್ನ ಮಡಿಲಲ್ಲೇ ಇರಲಿ, ನೀನು ಅವನ ಪಕ್ಕದಲ್ಲಿರು.

ನಿನ್ನ ದೊಡ್ಡಮ್ಮ